ಎಲ್ಲರಿಗೂ ಕೊಟ್ಟ ಕೀಲಿ

ಕೊನೆಯ ವರ್ಷ ನಮ್ಮ ಮೇಷ್ಟ್ರ ಕೊರಳಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ತೂತೊಂದಿತ್ತು. ಅದರ ಮೇಲೆ ತೆಳು ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಉಸಿರಾಡಿದಾಗಲೆಲ್ಲ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಗಂಟಲ ಕ್ಯಾನ್ಸರಿಗೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕೊಟ್ಟೂರಿನ ನಮ್ಮ ಹೈಸ್ಕೂಲಿನಲ್ಲಿ ಕಡೇ ಬೆಂಚಿನವರೆಗೂ ಮುಟ್ಟುತ್ತಿದ್ದ ದನಿ ಅದು. ಬೀಡಿ ಮುಟ್ಟದ ಮನುಷ್ಯನಿಗೆ ಆ ರೋಗ ಯಾಕೆ ಬಂತೆಂದು ನನಗೆ ಇವತ್ತಿಗೂ ಸಿಟ್ಟಿದೆ.

ನನಗೆ ಕನ್ನಡ ಕಲಿಸಿದವರು ಅವರು. ಅರ್ಥವಾಗದೆ ಕಣ್ಣು ಬಿಡುವವನ ಪಕ್ಕ ಹೋಗಿ ಕೂತು, "ತಿಳೀಲಿಲ್ಲೇನಲೇ? ಇನ್ನೊಮ್ಮಿ ಹೇಳ್ತೀನಿ. ನನಗೇನ್ ಬಸ್ ತಪ್ಪಂಗಿಲ್ಲ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ಕೂಡ್ಲಿಗಿ ಕಡೆಯ ಎಷ್ಟೋ ಮನೆಗಳವರು ಕಬ್ಬು ಕಡಿಯಲು ಮಂಡ್ಯದ ಕಡೆ ಹೊರಟಾಗ ಹತ್ತನೇ ತರಗತಿಯ ಮಕ್ಕಳೂ ಗಂಟುಮೂಟೆಯ ಜೊತೆ ಹೋಗಿಬಿಡುತ್ತಾರೆ. ಅವರಿಗಾಗಿ ಪಾಠಗಳನ್ನು ರೆಕಾರ್ಡ್ ಮಾಡಿ ವೆಬ್‌ಸೈಟಿಗೆ ಹಾಕುತ್ತೇನೆಂದು ನನ್ನ ಕಂಪ್ಯೂಟರ್ ಅಂಗಡಿಗೆ ಬಂದರು. ಮಕ್ಕಳ ಫೋನಿನಲ್ಲಿ ಜಾಗವಿರುವುದಿಲ್ಲ, ಅಲ್ಲೇ ಒತ್ತಿ ಅಲ್ಲೇ ಕೇಳುವಂತಿರಬೇಕು ಎಂದರು. ಪಾಠಗಳನ್ನಿಡಲು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಜಾಗ ಹಿಡಿದು ನಾನು ಒಂದು ಹೋಸ್ಟಿಂಗ್ ಖಾತೆ ತೆರೆದುಕೊಟ್ಟೆ.

ಗಣಿತಕ್ಕೆ ಹಡಗಲಿಯ ಒಬ್ಬ ಮೇಷ್ಟ್ರು, ವಿಜ್ಞಾನಕ್ಕೆ ಹರಪನಹಳ್ಳಿಯ ಒಬ್ಬ ಟೀಚರ್ ಸೇರಿಕೊಂಡರು. ಅವರವರ ಪಾಠ ಅವರವರು ಹಾಕಲಿ, ಉಳಿದದ್ದನ್ನು ಮುಟ್ಟಲು ಬಾರದಂತೆ ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಡೋಣ ಎಂದು ನಾನು ತೆರೆಯ ಮೇಲೆ ತೋರಿಸಿದೆ. "ಇಲ್ಲಿ ಟಿಕ್ ಹಾಕಿದ್ರ ಪಾಠ ಹಾಕಬೌದ್ರಿ ಸರ. ಅಳಸಾಕ ಬರಂಗಿಲ್ಲ."

ಮೇಷ್ಟ್ರ ಮುಖ ಸಣ್ಣದಾಯಿತು. "ನಾ ಸಣ್ಣಾವಿದ್ದಾಗ ಹೋಟ್ಲಿನಾಗ ನನಗ ಹೊರಗಿನ ಕಟ್ಟಿ ಮ್ಯಾಲ ಕುಂದ್ರಿಸಿ ಬ್ಯಾರೆ ಲೋಟದಾಗ ಚಾ ಕೊಡ್ತಿದ್ರು. ಈಗ ನಾನೇ ಮಂದಿನ್ನ ಕರದು, ನೀ ಇಷ್ಟರಾಗ ಇರು ಅಂತ ಯಾವ ಬಾಯಿಲೆ ಹೇಳ್ಲಿ? ಎಲ್ಲಾರಿಗೂ ಪೂರಾ ಕೀಲಿ ಕೊಡು."

"ಸರ, ಇದು ಜಾತಿ ಅಲ್ರಿ, ಕಂಪ್ಯೂಟರು."

"ನಿನಗದು ತಿಳಿಯಂಗಿಲ್ಲ ಬಿಡು" ಎಂದರು. ಆ ಲೋಟ ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ. ಒಂದೇ ಪಾಸ್‌ವರ್ಡ್ ಮೂವರಿಗೂ ಹೋಯಿತು.

ಆಪರೇಷನ್ ಆದ ಮೇಲೆ ಅವರ ದನಿ ಉಳಿದದ್ದು ಆ ಖಾತೆಯಲ್ಲಿ ಮಾತ್ರ. ಫೋನಿನಲ್ಲಿದ್ದುದನ್ನು ಜಾಗ ಸಾಲದೆಂದು ಆಗಾಗ ಅಳಿಸಿಬಿಡುತ್ತಿದ್ದರು. ನನ್ನ ಅಂಗಡಿಗೆ ಬಂದು ತಮ್ಮದೇ ಪಾಠ ಹಚ್ಚಿಸಿಕೊಂಡು, ಯಾರೋ ಬೇರೆಯವರು ಚೆನ್ನಾಗಿ ಕಲಿಸುತ್ತಿದ್ದಾರೆ ಅನ್ನುವ ಹಾಗೆ ತಲೆಯಾಡಿಸುತ್ತ ಕೂರುತ್ತಿದ್ದರು.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕಬ್ಬಿನ ಗದ್ದೆಯಿಂದ ಒಬ್ಬ ಹುಡುಗಿ ನನಗೆ ಫೋನು ಮಾಡಿದಳು. "ಅಣ್ಣಾರ, ಕನ್ನಡ ಪಾಠ ಬರವಲ್ವು." ಖಾತೆ ತೆರೆದೆ. ಕನ್ನಡದ ಒಂದು ಪಾಠವೂ ಇರಲಿಲ್ಲ. ಹರಪನಹಳ್ಳಿಯ ಟೀಚರ್ ಹೊಸ ಪಾಠ ಹಾಕಲು ಹೋಗಿದ್ದರಂತೆ, ಜಾಗ ಸಾಲದು ಎಂದು ಬಂತಂತೆ, ಬಹಳ ದಿನದಿಂದ ಯಾರೂ ತಿದ್ದಿರದ ಫೋಲ್ಡರ್ ಬೇಡದ್ದಿರಬೇಕೆಂದು ಅಳಿಸಿದರಂತೆ. ಇದೆಲ್ಲ ನಡೆದು ವಾರಗಳೇ ಆಗಿದ್ದವು, ಅಷ್ಟೂ ದಿನ ಮೇಷ್ಟ್ರು ಅಂಗಡಿಗೆ ಬಂದಿರಲಿಲ್ಲ. ಹೋಸ್ಟಿಂಗ್ ಕಂಪನಿಯವರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅಷ್ಟು ಹಳೆಯ ನಕಲು ನಾವು ಇಟ್ಟಿರುವುದಿಲ್ಲ ಎಂದರು.

ಟೀಚರ್ ಬಸ್ಸು ಹಿಡಿದು ಬಂದು ಮೇಷ್ಟ್ರ ಮನೆಯಲ್ಲಿ ನೆಲದ ಮೇಲೆ ಕೂತು ಅತ್ತರು. "ಸರ, ನನ್ನ ಕೈಗೆ ಯಾಕ್ ಕೊಟ್ರಿ ಎಲ್ಲಾನೂ?" ಮೇಷ್ಟ್ರು ತುಟಿ ಆಡಿಸಿದರು. ಏನೂ ಕೇಳಲಿಲ್ಲ. ಮತ್ತೆ ಆಡಿಸಿದರು. ಕೊರಳಿನ ಬಟ್ಟೆ ಮಾತ್ರ ಪಟಪಟ ಬಡಿಯಿತು. ಎಂದೂ ಯಾರ ಮುಂದೆಯೂ ಅಳದವರು ಗೋಡೆಯ ಕಡೆ ತಿರುಗಿ ಕೂತುಬಿಟ್ಟರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಾರನೆಯ ದಿನ ಅಂಗಡಿಗೆ ಬಂದು ಫೋನಿನಲ್ಲಿ ಬರೆದು ತೋರಿಸಿದರು: "ತಪ್ಪು ಆಕೀದಲ್ಲ. ಎಲ್ಲಾರ ಕೀಲಿ ತಗದು, ಟಿಕ್ ಹಾಕಿ ಕೊಡು." ಹಾಗೇ ಮಾಡಿದೆ. ಪಾಠ ಹಾಕಬಹುದು, ಅಳಿಸುವಂತಿಲ್ಲ. ಮುಗಿಯಿತೆಂದು ಕೈ ತೆಗೆದರೆ ಅವರು ತೆರೆಯ ಮೇಲಿನ ತಮ್ಮ ಹೆಸರಿಗೆ ಬೆರಳಿಟ್ಟರು. "ನಿಮಗ್ಯಾಕ್ರಿ ಸರ?" ಎಂದೆ. ಬರೆದರು: "ನಾ ಇನ್ನ ಏನು ಹಾಕ್ಲಿ ಅದರಾಗ? ಕೇಳಾಕಷ್ಟು ಕೊಡು." ಕೊಟ್ಟೆ.

ಆಮೇಲೆ ನನ್ನ ದನಿಯಲ್ಲೇ ಪಾಠ ಶುರುಮಾಡಿದೆವು. ನಾನು ಓದಬೇಕು, ಎಡವಿದರೆ ಅವರು ಮೇಜು ತಟ್ಟಬೇಕು. ಎಷ್ಟು ತಟ್ಟುತ್ತಿದ್ದರೆಂದರೆ ನಾನು ರೇಗಿಬಿಡುತ್ತಿದ್ದೆ. ಅವರು ನಕ್ಕು ಮತ್ತೆ ಮೊದಲಿಂದ ಎಂದು ಕೈ ಮಾಡುತ್ತಿದ್ದರು. ಪುಸ್ತಕದ ಅರ್ಧಕ್ಕೆ ಬಂದಿದ್ದೆವು, ಅಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ಟರು. ಉಳಿದರ್ಧವನ್ನು ಮೇಜು ತಟ್ಟುವವರಿಲ್ಲದೆ ಓದಿ ಹಾಕಿದೆ. ಎಷ್ಟು ಕಡೆ ತಪ್ಪಿದ್ದೇನೋ ಗೊತ್ತಿಲ್ಲ.

ಪರೀಕ್ಷೆ ಮುಗಿದ ಮೇಲೆ ಆ ಹುಡುಗಿ ಫೋನು ಮಾಡಿದಳು.

"ಬರದೆನ್ರಿ ಅಣ್ಣಾರ. ಪಾಸಾಗ್ತೀನಿ. ಸರ್ ಪಾಠ ಯಾವಾಗ ಹಾಕ್ತೀರಿ? ತಮ್ಮಗ ಬೇಕಾಗೇತಿ."

"ಸರ್ ಹೋಗಿಬಿಟ್ರು ತಂಗಿ."

ಆಚೆ ಕಡೆ ಯಾರೋ ಅವಳನ್ನು ಕೆಲಸಕ್ಕೆ ಕೂಗುತ್ತಿದ್ದರು.

"ದನಿ ಆದ್ರೂ ಐತಲ್ರಿ?"

"ಇಲ್ಲ" ಎಂದೆ.