ಮಾಲಕರ ಹೆಸರು ಬರೆಯುವ ಜಾಗ

ನಮಗೆ ಟೈಪಿಂಗ್ ಕಲಿಸುತ್ತಿದ್ದ ಅಕ್ಕೋರ ಎಡಗೈ ಕಿರುಬೆರಳು ಸೊಟ್ಟಗಿತ್ತು. ಸಣ್ಣವರಿದ್ದಾಗ ಬಾಗಿಲ ಸಂದಿಗೆ ಸಿಕ್ಕಿತ್ತಂತೆ. ಇಂಗ್ಲಿಷಿನ ‘ಎ’ ಅಕ್ಷರ ಒತ್ತಬೇಕಾದ್ದೇ ಆ ಬೆರಳಿನಿಂದ. ಅವರು ಪಕ್ಕದ ಬೆರಳಿನಿಂದ ಒತ್ತುತ್ತಿದ್ದರು, ನಾವು ಹಾಗೆ ಒತ್ತಿದರೆ ಸ್ಕೇಲಿನಿಂದ ಬಾರಿಸುತ್ತಿದ್ದರು. “ನಿಮ್ಮ ಬೆರಳ ನೆಟ್ಟಗ ಅದಾವಲ್ಲ, ಮತ್ತ?”

ಸವದತ್ತಿಯಲ್ಲಿ ಅವರಿಂದ ಅರ್ಜಿ, ಬಯೋಡಾಟಾ ಟೈಪ್ ಮಾಡಿಸಿಕೊಂಡು ನೌಕರಿ ಹಿಡಿದವರು ಬೈಲಹೊಂಗಲ, ರಾಮದುರ್ಗದ ತನಕ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಇಂಥ ಅಕ್ಕೋರು ಐವತ್ತು ದಾಟಿದ ಮೇಲೆ ತಮಗೇ ಒಂದು ನೌಕರಿ ಬೇಕೆಂದು ಅರ್ಜಿ ಹಾಕಿದರು. ಆ ಅರ್ಜಿ ಸತ್ತದ್ದು ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ಅದನ್ನು ಹೇಳದೆ ಬರೀ ಹೊಗಳಿಕೆ ಬರೆದರೆ ಸುಳ್ಳಾಗುತ್ತದೆ.

ಬಸ್ ಸ್ಟ್ಯಾಂಡಿನ ಹಿಂದೆ, ಮೇಲ್ಮಹಡಿಯಲ್ಲಿ ಅವರದೊಂದೇ ಕೋಣೆ. ಈಚೆ ಆರು ಟೈಪ್‌ರೈಟರ್, ನಡುವೆ ಒಂದು ಪರದೆ, ಆಚೆ ಸ್ಟೋವು, ಹಾಸಿಗೆ. ಇರುವವರು ಅವರೊಬ್ಬರೇ. ಮದುವೆಯಾಗಿತ್ತೋ, ಬಿಟ್ಟು ಬಂದಿದ್ದರೋ, ನಮಗೆ ಗೊತ್ತಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎನ್ನುವುದಕ್ಕಿಂತ, ಕೇಳಬೇಕೆಂದು ಯಾರಿಗೂ ಅನಿಸಲೇ ಇಲ್ಲ.

ತೊಂಬತ್ತರ ದಶಕದ ಕೊನೆ. ಕಿತ್ತೂರಿನ ಹತ್ತಿರ ಹೈವೇ ಪಕ್ಕದ ಕಾರ್ಖಾನೆಗೆ ಕ್ಲಾರ್ಕ್ ಬೇಕೆಂದು ಪೇಪರಿನಲ್ಲಿ ಬಂದಿತ್ತು. ನಾನು ಮನೆಯಲ್ಲಿದ್ದ ಬಯೋಡಾಟಾ ತಗೊಂಡು ಹೋದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅಂತ ಬರೆಸುತ್ತಿದ್ದದ್ದು ಒಂದೇ ಬಯೋಡಾಟಾ, ಮದುವೆಯದು. ಎತ್ತರ, ಮೈಬಣ್ಣ, ನಕ್ಷತ್ರ, ಸೋದರಮಾವಂದಿರ ಊರು. ಅಕ್ಕೋರು ಓದಿ ಕನ್ನಡಕ ತೆಗೆದರು.

“ಯಾಕವಾ, ಇದನ್ನ ಯಾರಿಗೆ ಕಳಸಾಕಿ? ಗಂಡಿನ ಕಡೆಯವರಿಗೋ, ಮ್ಯಾನೇಜರಗೋ?”

“ಮ್ಯಾನೇಜರಗ್ರಿ.”

“ಅಂವಗ ನಿನ್ನ ನಕ್ಷತ್ರ ತಗೊಂಡು ಏನ್ ಮಾಡೂದೈತಿ? ಏನ್ ಕೆಲಸಾ ಮಾಡೀದಿ, ಅದನ್ನ ಹೇಳು.”

“ಏನೂ ಇಲ್ರಿ ಅಕ್ಕೋರ. ಮನ್ಯಾಗ ಇರ್ತೇನಿ.”

“ಮನ್ಯಾಗ ಗೊಂಬಿ ಕುಂತಂಗ ಕುಂತಿರ್ತಿ? ಮುಂಜಾನಿಂದ ಒಂದೊಂದ ಹೇಳು. ನಾ ಎಲ್ಲೂ ಹೋಗೂದಿಲ್ಲ.”

ಹೇಳುತ್ತಾ ಹೋದಾಗ ಒಂದು ಸಂಗತಿ ಹೊರಬಿತ್ತು. ಅಪ್ಪ ನವಿಲುತೀರ್ಥದ ಕಾಲುವೆಯಲ್ಲಿ ಹೊಲಗಳಿಗೆ ನೀರು ಬಿಡುವ ಕೆಲಸದವನು, ಓದು ಬಾರದವನು. ಯಾರ ಹೊಲಕ್ಕೆ ಯಾವತ್ತು ನೀರು ಎಂಬ ಪಾಳಿಪಟ್ಟಿ ಬರೆಯುತ್ತಿದ್ದವಳು ನಾನು. ಜಗಳ ಬಂದರೆ ರೈತರು ನಮ್ಮ ಕಟ್ಟೆಗೇ ಬರುತ್ತಿದ್ದರು, ನಾನು ಪಟ್ಟಿ ತೋರಿಸುತ್ತಿದ್ದೆ. ಅಕ್ಕೋರು ಅದನ್ನೇ ಮೊದಲ ಸಾಲಾಗಿ ಟೈಪ್ ಮಾಡಿದರು. ಎರಡು ವರ್ಷ, ಅರವತ್ತು ರೈತರ ಪಾಳಿ.

“ಇದನ್ನೂ ಬರೀತಾರೇನ್ರಿ?” ನನಗೆ ನಾಚಿಕೆ.

“ಮ್ಯಾನೇಜರ ನಿಂತಕೊಂಡ ಓದ್ತಾನ ಹುಡುಗಿ, ಚಹಾ ಆರೂತನಕ ಅಷ್ಟ. ಪೇಪರನ್ಯಾಗ ಅಂವ ಏನ್ ಕೇಳ್ಯಾನ, ಅದು ಮ್ಯಾಗ ಕಾಣಬೇಕು. ಖರೆ ಇರಬೇಕು. ಉಳಿದದ್ದೆಲ್ಲಾ ಕಸ.”

ಸಂದರ್ಶನದಲ್ಲಿ ಕೇಳಿದ್ದು ಆ ಒಂದು ಸಾಲಿನ ಬಗ್ಗೆ ಮಾತ್ರ. ಕಾರ್ಮಿಕರ ಪಾಳಿ ಬರೆಯುವ ಕೆಲಸ ಸಿಕ್ಕಿತು.

ಪೇಢೆ ಕೊಡಲು ಹೋದಾಗ, “ಆಗಾಗ ಬರ್ತೇನ್ರಿ ಅಕ್ಕೋರ” ಎಂದೆ. ಅವರು ನಕ್ಕರು. “ಎಲ್ಲಾರೂ ಹಂಗ ಅಂತಾರ. ಆರಾಮ ಆದವ್ರು ದವಾಖಾನಿಗೆ ತಿರಗಿ ಬರ್ತಾರೇನು? ನೀನೂ ಬರೂದಿಲ್ಲ ಬಿಡು.”

ಎರಡು ಸಲ ಹೋದೆ. ಆಮೇಲೆ ಏಳು ವರ್ಷ ಹೋಗಲಿಲ್ಲ. ಕಾರಣ ಕೇಳಬೇಡಿ, ಇಲ್ಲ.

ಅಷ್ಟರಲ್ಲಿ ನಮ್ಮ ಕಾರ್ಖಾನೆಗೆ ನೌಕರಿಯ ಅರ್ಜಿಗಳನ್ನು ಸೋಸುವ ಸಾಫ್ಟ್‌ವೇರ್ ಬಂತು, ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ಚಹಾ ಆರುವಷ್ಟು ಪುರಸೊತ್ತೂ ಬೇಡ. ಎಲ್ಲಿ ಕೆಲಸ ಮಾಡಿದಿರಿ, ಮಾಲಕರ ಹೆಸರೇನು ಎಂಬ ಜಾಗ ಖಾಲಿ ಇದ್ದರೆ ಅನುಭವ ಸೊನ್ನೆ ಎಂದು ಓದಿಕೊಂಡು ಬದಿಗೆ ತಳ್ಳುತ್ತದೆ. ಉಳಿದವರ ಹೆಸರಷ್ಟೇ ನನಗೆ ಕಾಣುವುದು. ಒಮ್ಮೆ ಆಫೀಸ್ ಸಹಾಯಕರ ಹುದ್ದೆ ತುಂಬಿ ತಿಂಗಳಾದ ಮೇಲೆ, ತಳ್ಳಲ್ಪಟ್ಟ ಅರ್ಜಿಗಳನ್ನು ಅಳಿಸಲು ಕೂತೆ. ಅಲ್ಲಿ ಅಕ್ಕೋರ ಹೆಸರಿತ್ತು.

ತೆರೆದೆ. ಮಾಲಕರ ಜಾಗ ಖಾಲಿ. ಕೆಳಗೆ ಮೂರೇ ಸಾಲು: ಟೈಪಿಂಗ್ ಬರುತ್ತದೆ. ಕಂಪ್ಯೂಟರ್ ಕಲಿತಿದ್ದೇನೆ. ಒಬ್ಬಳೇ ಇರುವುದರಿಂದ ಯಾವ ಪಾಳಿಗಾದರೂ ಬರಬಲ್ಲೆ.

ಮರುದಿನವೇ ಸವದತ್ತಿಗೆ ಹೋದೆ. ಕೋಣೆಯಲ್ಲಿ ಟೈಪ್‌ರೈಟರ್ ಒಂದೂ ಇರಲಿಲ್ಲ. ಪರದೆಯೂ ಇರಲಿಲ್ಲ, ಯಾರಿಂದ ಮರೆ ಮಾಡಬೇಕು?

“ನನಗೊಂದ ಮಾತ ಹೇಳಬೇಕಿತ್ತಿಲ್ರಿ?”

“ಹೇಳಿದ್ರ ನೀ ವಶೀಲಿ ಹಚ್ಚತಿದ್ದಿ. ನನ್ನ ಕಾಗದಾ ಓದಿ ಕರೀಲಿ ಅಂತಿತ್ತು.”

“ಮಾಲಕರ ಹೆಸರ ಯಾಕ ಬಿಟ್ರಿ?”

“ಯಾ ಮಾಲಕರಿದ್ರು ನನಗ? ಸುಳ್ಳ ಬರೀಲಿ?”

“ನಿಮ್ಮ ಹೆಸರ ಬರೀಬೇಕಿತ್ರಿ ಅಕ್ಕೋರ. ಇಪ್ಪತ್ತೇಳ ವರ್ಷ ಟೈಪಿಂಗ್ ಸಾಲಿ ನಡಿಸೀರಿ.”

ಅವರು ಕಿಟಕಿಯ ಕಡೆ ನೋಡಿದರು. “ಅದು ಹೊಳೀಲಿಲ್ಲವಾ. ಮಂದೀಗೆ ಬರಿಯೂವಾಗ ಎದರಿಗೆ ಕುಂತವರನ್ನ ಕೇಳಿ ಕೇಳಿ ಬರೀತಿದ್ನಿ. ನನಗ ಬರಿಯೂವಾಗ ಎದರಿಗೆ ಯಾರೂ ಇರಲಿಲ್ಲ.”

ಮುಂದಿನ ಹುದ್ದೆ ಬಂದಾಗ ಕೂತು ಬರೆಯೋಣ ಎಂದು ಹೇಳಿ ಬಂದೆ. ಆ ಹುದ್ದೆ ಬರುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಒಂಬತ್ತನೆಯ ತಿಂಗಳಲ್ಲಿ ಕೆಳಗಿನ ಅಂಗಡಿಯವರು ಫೋನ್ ಮಾಡಿದರು. ಎರಡು ದಿನ ಬಾಗಿಲು ತೆರೆಯದ್ದಕ್ಕೆ ಮುರಿದು ನೋಡಿದರಂತೆ.

ಸಾವಿನ ನೋಂದಣಿಗೆ ನಾನೇ ಹೋದೆ, ಬೇರೆ ಯಾರೂ ಬಂದಿರಲಿಲ್ಲ. ಉದ್ಯೋಗದ ಕಲಮಿಗೆ ಬಂದಾಗ ಗುಮಾಸ್ತ ತಾನೇ ಹೇಳಿದ, “ಮನಿಗೆಲಸ ಅಂತ ಬರೀತೇನ್ರಿ. ಹೆಣಮಕ್ಕಳಿಗೆ ಹಂಗ ಬರಿಯೂದು.”

“ಬ್ಯಾಡ್ರಿ. ಟೈಪಿಂಗ್ ಸಾಲಿ ಮಾಲಕರು ಅಂತ ಬರೀರಿ. ಇಪ್ಪತ್ತೇಳ ವರ್ಷ.”

“ವರ್ಷ ಎಲ್ಲಾ ಬೇಕಾಗಿಲ್ರಿ ಇಲ್ಲಿ.”

“ಜಾಗಾ ಐತಲ್ರಿ, ಬರೀರಿ.”

ಬರೆದ. ಪೆನ್ನು ಎತ್ತಿ ನನ್ನ ಮುಖ ನೋಡಿದ. “ನೀವ ಏನಾಗ್ಬೇಕ್ರಿ ಅವರಿಗೆ?”

“ಅವರ ಕಡೆ ಕಲತಾಕಿ.”

“ಅಂದ್ರ ಸಂಬಂಧಿಕರಲ್ಲ,” ಎಂದು ಗೊಣಗಿ, ‘ಪರಿಚಯದವರು’ ಎಂದು ಬರೆದುಕೊಂಡ. ತಿದ್ದಿಸುವ ಹಕ್ಕು ನನಗಿರಲಿಲ್ಲ. ಸಹಿ ಮಾಡಿ ಹೊರಗೆ ಬಂದೆ.