ರೋಜಾಳನ್ನು ಹಿಡಿದ ಗಾದ್ರಪ್ಪ

ಹರಿಯಬ್ಬೆಯ ಕನಕರಾಜ್ ಈ ಬೇಸಿಗೆಯಲ್ಲಿ ತೀರಿಕೊಂಡ. ಹಿರಿಯೂರಿನಲ್ಲಿದ್ದ ಅವನ ಮೊಬೈಲ್ ರಿಪೇರಿ ಅಂಗಡಿ ಈಗ ಮುಚ್ಚಿದೆ. ಆದರೆ ಹೊಸದುರ್ಗ, ಹೊಳಲ್ಕೆರೆ ಕಡೆ ಮಂದೆ ಹೊಡೆದುಕೊಂಡು ತಿರುಗುವ ಕುರಿಗಾರರಿಗೆ ಅವನು ಗೊತ್ತಿದ್ದದ್ದು ಪತ್ತೇದಾರ ಗಾದ್ರಪ್ಪನ ದನಿಯಾಗಿ. ಗಾದ್ರಪ್ಪ ಅವನೇ ಹುಟ್ಟಿಸಿದ ಕಥಾನಾಯಕ: ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಅಡಿಕೆ, ನೆಲ ನೋಡಿಯೇ ಕಳ್ಳನ ಜಾತಕ ಹೇಳುವ ಬುದ್ಧಿ. ಕುರಿ ಕಾಯುವ ಮನೆಯಲ್ಲಿ ಬೆಳೆದ ಕನಕರಾಜ್ ಆ ಕಥೆಗಳನ್ನು ಫೋನಿಗೆ ಹೇಳಿ, ಕುರಿಗಾರರ ವಾಟ್ಸಾಪ್ ಗುಂಪಿಗೆ ಬಿಡುತ್ತಿದ್ದ.

ಗಾದ್ರಪ್ಪನ ಶತ್ರುಗಳೂ ಸಾಮಾನ್ಯರಲ್ಲ. ಗಾಳಿಯಂತ್ರದ ಕಂಬದೊಳಗೆ ಸಂಸಾರ ಹೂಡಿದ್ದ ದರೋಡೆಗಾರ ಜಯಕುಮಾರ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ, ಇಳಿಯುವಾಗ ಬೇರೆಯೇ ಮನುಷ್ಯರಾಗುತ್ತಿದ್ದ ಅವಳಿ ಕಳ್ಳರು. ಎಲ್ಲರನ್ನೂ ಮೀರಿಸಿದವಳು ಕುರಿಗಳ್ಳಿ ರೋಜಾ. ಅವಳು ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ.

ಗಂಟಲಲ್ಲಿ ಕ್ಯಾನ್ಸರ್ ಇದೆ, ಆಪರೇಷನ್ ಆದ ಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದಾಗ ಕನಕರಾಜ್ ಅಳಲಿಲ್ಲ. ದನಿ ಹೋಗುವ ಮುಂಚೆ ತನ್ನ ಬಾಯಿಂದಲೇ ಗಾದ್ರಪ್ಪ ರೋಜಾಳನ್ನು ಹಿಡಿಯಬೇಕು, ಅಷ್ಟೇ ಎಂದು ನಿಶ್ಚಯಿಸಿದ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಜವನಗೊಂಡನಹಳ್ಳಿಯ ಹೊಲಕ್ಕೆ ಹೋದ. ಚಿಕ್ಕಪ್ಪನ ಮಗಳು ಈರಕ್ಕ ಅಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದಳು. ಅವನ ಯಾವ ಕಥೆಯನ್ನೂ ಹುಳುಕು ತೆಗೆಯದೆ ಬಿಟ್ಟವಳಲ್ಲ. ರೋಜಾ ಮಂದೆ ಕದ್ದು, ಒಡೆಯರು ಹಾಕಿದ ಗುರುತು ಸಿಗದಂತೆ ಕುರಿಗಳ ಕಿವಿ ಕುಯ್ದಳು ಎಂದು ಅವನು ಹೇಳತೊಡಗಿದ.

"ಲೇ ಕನಕ, ಹಸಿ ಗಾಯ ಕುರುಡನಿಗೂ ಸಿಕ್ತೈತೆ. ಅದಕ್ಕೆ ಪತ್ತೇದಾರ ಯಾಕಲೇ?"

"ಹಂಗಾರೆ ನೀನೇ ರೋಜಾ ಆಗಕ್ಕ. ಹೆಂಗ್ ಕದೀತೀಯ ಹೇಳು," ಎಂದು ಫೋನ್ ಮುಂದೆ ಹಿಡಿದ.

ಈರಕ್ಕ ಸೆರಗು ಸರಿಮಾಡಿಕೊಂಡಳು. "ನಾನು ಕುರಿ ಮುಟ್ಟಾದೇ ಇಲ್ಲ. ತಾಯಿಗಳು ಮೇಯಾಕೆ ಹೋದಾಗ ಮರಿಗಳ್ನ ಲಗೇಜ್ ಆಟೊಗೆ ತುಂಬ್ಕಂಡು ಬಂಡೆಗುಡ್ಡದ ಆಚೆ ಇಳಿಸ್ತೀನಿ. ಸಂಜಿಕೆ ಮರಿ ಕೂಗಿದ್ರೆ ತಾಯಿಗಳು ತಾವೇ ಬರ್ತವೆ. ಬಂಡೆ ಮ್ಯಾಲೆ ಹೆಜ್ಜೆ ಬೀಳಲ್ಲ. ಹುಡುಕ್ಲಿ ನಿನ್ನ ಗಾದ್ರಪ್ಪ."

ಕನಕರಾಜ್ ಎದ್ದು ಮಂದೆಯ ಸುತ್ತ ನಡೆದ. ಕಾಲು ಮುರಿದು ಮೇವಿಗೆ ಹೋಗದ ಕುರಿಯೊಂದನ್ನು ಬೇವಿನ ಮರಕ್ಕೆ ಕಟ್ಟಿದ್ದರು. ತನ್ನ ಮರಿ ಅತ್ತಿತ್ತ ಓಡಿದಂತೆಲ್ಲ ಅದು ಹಗ್ಗ ಜಗ್ಗುತ್ತಿತ್ತು. ಅವನು ಫೋನನ್ನು ಬಾಯಿಗೆ ತಂದುಕೊಂಡ.

"ಮಂದೆಲಿ ಕುಂಟುಕುರಿ ಒಂದು ಉಳಿದಿತ್ತು ರೋಜಾ. ಅದರ ಮರೀನೂ ನಿನ್ ಹತ್ರ ಐತೆ. ಗಾದ್ರಪ್ಪ ಅದರ ಹಗ್ಗ ಬಿಚ್ಚಿದ. ಕೆಚ್ಚಲು ತುಂಬಿದ ತಾಯಿ ಕುಂಟ್ಕೊಂತ ಮುಂದೆ ಹೋಯ್ತು, ಅವನು ಕಂಬಳಿ ಹೊದ್ದು ಹಿಂದೆ ಹೋದ."

ಕೊನೆಯ ಮಾತು ಬರೀ ಗಾಳಿಯಾಗಿತ್ತು, ಆದರೂ ಕೇಳುತ್ತಿತ್ತು. ಈರಕ್ಕ ಫೋನಿನ ಕಡೆ ಬಗ್ಗಿ, "ಸೋತೆ ಗಾದ್ರಪ್ಪ," ಎಂದಳು.

ಅವನು ಅದನ್ನು ಗುಂಪಿಗೆ ಕಳಿಸಿ, ಕೇಳೂ ಕೇಳದ ದನಿಯಲ್ಲಿ, "ಇನ್ನೊಂದ್ ಸಲ ಅನ್ನಕ್ಕ," ಎಂದ.

"ಒಂದ್ ಸಲ ಅಂದಿದ್ದೇ ಹೆಚ್ಚಾತು. ಮುದ್ದೆ ಆರ್ತೈತೆ, ಉಣ್ಣು ಬಾ."