ಅಕ್ಕನ ಕಾರ್ ಶೆಡ್ಡಿನ ಕದ

ಅನುಮಾನ ನನಗೆ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಅಂಟಿಕೊಂಡದ್ದೋ ಹೇಳುವುದು ಕಷ್ಟ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ತುಂಡುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಎರಕ ತಣ್ಣಗಾದ ಮೇಲೆ ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳಬೇಕು. ಒಳಗೆಲ್ಲಾದರೂ ಬಿರುಕಿದ್ದರೆ ದನಿ ಒಡೆದು ಬರುತ್ತದೆ, ಅಂಥದ್ದನ್ನು ಪಕ್ಕಕ್ಕೆ ತಳ್ಳಬೇಕು. ಸರಿಯಿದ್ದರೆ ಕಿಸೆಯಿಂದ ಚೂಪು ಮೊನೆಯ ಉಕ್ಕಿನ ಪಂಚು ತೆಗೆದು ತುಂಡಿನ ತುದಿಯಲ್ಲಿ ಮೂರು ಚುಕ್ಕೆ ಹೊಡೆಯುತ್ತಿದ್ದೆ. ಆಮೇಲೆ ಆ ತುಂಡು ಎಲ್ಲಿಗೇ ಹೋಗಲಿ, ಅದು ನನ್ನ ಕಣ್ಣಿನ ಕೆಳಗೆ ಹಾದುಹೋದದ್ದು ಎಂದು ಆ ಚುಕ್ಕೆಗಳು ಹೇಳುತ್ತಿದ್ದವು.

ಈ ಚಾಳಿ ಮನೆಗೂ ಬಂದಿತ್ತು. ಮಡಕೆಯಾಗಲಿ ತೆಂಗಿನಕಾಯಿಯಾಗಲಿ ಬಡಿಯದೆ ತರುತ್ತಿರಲಿಲ್ಲ. ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿಗೆ ಹಾಲು ಹಾಕುವವನು ನನ್ನನ್ನು ಕಂಡರೆ ಕೇಳುವ ಮೊದಲೇ ಅಳತೆಯ ಪಾವನ್ನು ಬೋರಲು ಹಾಕಿ ತೋರಿಸುತ್ತಿದ್ದ. ಹೆಣ್ಣು ನೋಡಲು ಬಂದ ದಿನ ಪುಣ್ಯಕ್ಕೆ ಸುತ್ತಿಗೆ ಮರೆತು ಬಂದಿದ್ದರು ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ನನಗೆ ಬೇಸರವೇನೂ ಆಗುತ್ತಿರಲಿಲ್ಲ. ಮೋಸ ಹೋಗದೆ ಇರುವುದೇ ಒಂದು ದೊಡ್ಡ ಯೋಗ್ಯತೆ ಎಂದು ಆಗ ನಾನು ನಿಜವಾಗಿಯೂ ತಿಳಿದಿದ್ದೆ.

ಅರವತ್ತರ ದಶಕದ ಶುರುವಿನಲ್ಲಿ ಅಕ್ಕನ ಕಾಗದ ಬಂತು. ಭಾವ ಡಾಕ್ಟರು, ಹೊನ್ನಾವರದ ಕಡೆ ಸಮುದ್ರದ ಹತ್ತಿರವೇ ಮನೆ ಕಟ್ಟಿಕೊಂಡಿದ್ದರು. ಅವರ ಕಾರ್ ಶೆಡ್ಡಿನ ತಗಡಿನ ಬಾಗಿಲು ಉಪ್ಪುಗಾಳಿಗೆ ತುಕ್ಕು ಹಿಡಿದು ಕೋಳಿ ನುಗ್ಗುವಷ್ಟು ತೂತು ಬಿದ್ದಿತ್ತಂತೆ. ಹೊಸ ಬಾಗಿಲು ನಮ್ಮ ಕಡೆಯಿಂದಲೇ ಬರಬೇಕು, ನೀನೇ ನಿಂತು ಆರಿಸಿ ಮಾಡಿಸಿ ಕಳಿಸು, ಕಬ್ಬಿಣ ಮಾತ್ರ ಬೇಡ ಎಂದು ಬರೆದಿದ್ದಳು. ಈ ಕೊನೆಯ ಮಾತು ಭಾವ ಹೇಳಿ ಬರೆಸಿದ್ದು ಎಂದು ಕಾಗದ ಮಡಿಸುವ ಮೊದಲೇ ನನಗೆ ಅನುಮಾನ ಬಂತು. ಕಬ್ಬಿಣದ ಊರಿನ ಭಾಮೈದನಿಗೆ ಕಬ್ಬಿಣ ಬೇಡ ಅಂದರೆ ಏನರ್ಥ?

ಹಟಕ್ಕೆ ಮೊದಲು ಶಿವಮೊಗ್ಗೆಯ ಗಾಂಧಿ ಬಜಾರಿನ ಕಡೆ ಒಬ್ಬರಲ್ಲಿ ಸುರುಳಿ ಸುತ್ತುವ ಕಬ್ಬಿಣದ ಶಟರ್ ನೋಡಿದೆ. ಕೆಂಪು ಬಣ್ಣ ಎರಡು ಸಲ ಬಳಿದರೆ ಸಮುದ್ರದೊಳಗೆ ಇಟ್ಟರೂ ಏನೂ ಆಗುವುದಿಲ್ಲ ಎಂದು ಅಂಗಡಿಯವರು ಆಣೆ ಇಟ್ಟರು. ಅಷ್ಟು ಬೇಗ ಆಣೆ ಇಡುವವರನ್ನು ನಾನು ನಂಬುವುದಿಲ್ಲ. ಅಲ್ಲದೆ ಕಬ್ಬಿಣದ ಗುಣ ನನಗಿಂತ ಚೆನ್ನಾಗಿ ಬಲ್ಲವರು ಯಾರು? ನೀರು, ಉಪ್ಪು, ಗಾಳಿ ಮೂರೂ ಸೇರಿದರೆ ಅದರ ಗತಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ಭಾವನಿಗೂ ಗೊತ್ತಿತ್ತಲ್ಲ ಎಂಬುದಷ್ಟೇ ನನ್ನ ಸಿಟ್ಟು. ಕೊನೆಗೆ ತೇಗದ ಮರದ ಎರಡು ಕದ ಎಂದು ತೀರ್ಮಾನಿಸಿದೆ.

ಶಿವಮೊಗ್ಗೆಯಲ್ಲಿ ಮರ ಕೊಯ್ಯುವ ಸಾಮಿಲ್ಲುಗಳ ಹತ್ತಿರ ಒಬ್ಬ ಆಚಾರ್ರಿದ್ದರು. ಬಾಗಿಲು ಮಾಡುವುದರಲ್ಲಿ ಹೆಸರಾದವರು, ಮಾತು ಕಡಿಮೆ. ನ್ಯೂ ಟೌನಿನ ನಮ್ಮ ಮೇಲಧಿಕಾರಿಯೊಬ್ಬರು ಆಗ ಸ್ವಂತ ಮನೆ ಕಟ್ಟಿಸುತ್ತಿದ್ದರು, ಅದರ ಬಾಗಿಲು ಕಿಟಕಿ ಎಲ್ಲ ಇವರಿಗೇ ಕೊಡಬೇಕೆಂದಿದ್ದರು. ಮೊದಲು ನಿಮ್ಮ ಅಕ್ಕನ ಕೆಲಸ ಆಗಲಿ, ಹೇಗೆ ಮಾಡುತ್ತಾರೆ ನೋಡಿ ಹೇಳಿ ಎಂದು ನನಗೆ ಹೇಳಿಯೂ ಇದ್ದರು. ಆಚಾರ್ರಿಗೂ ಈ ವಿಷಯ ಗೊತ್ತಿತ್ತು. ವರ್ಷವಿಡೀ ಅವರ ಮನೆ ನಡೆಯುವಷ್ಟು ಕೆಲಸ ಅದು.

ಹಲಗೆ ಆರಿಸಲು ಇಬ್ಬರೂ ಸಾಮಿಲ್ಲಿಗೆ ಹೋದೆವು. ಅವರು ಬಿಳಿಚಿಕೊಂಡದ್ದನ್ನು ಬಿಟ್ಟು ಒಳಗಿನ ಗಟ್ಟಿ ಚೇಗಿನ ಹಲಗೆಗಳನ್ನೇ ಎಳೆದೆಳೆದು ಹಾಕಿದರು. ಒಟ್ಟು ಹತ್ತು. ನಾನು ಒಂದೊಂದನ್ನೂ ಸುತ್ತಿಗೆಯಿಂದ ಬಡಿದು ಕೇಳಿದೆ. ಮರ ಬಡಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ, ಆದರೂ ಬಡಿದೆ. ಕದದ ಎತ್ತರಕ್ಕಿಂತ ಒಂದು ಗೇಣು ಉದ್ದ ಇರಲಿ ಎಂದು ಆಚಾರ್ರು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಆ ಗೇಣು ಯಾರ ಮನೆಯ ಮಣೆಯಾಗುತ್ತದೆ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ.

ಮರದ ಕೆಲಸದವರು ಒಳ್ಳೆಯ ಹಲಗೆ ತೋರಿಸಿ ಬೇರೆ ಹಲಗೆ ಜೋಡಿಸುತ್ತಾರೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಆಚಾರ್ರ ಶೆಡ್ಡಿಗೆ ಹಲಗೆ ಇಳಿಸಿದ ಮೇಲೆ ಅವರು ಕುಡಿಯಲು ನೀರು ತರಲು ಒಳಗೆ ಹೋದರು. ಕಿಸೆಯಲ್ಲಿ ಪಂಚು ಇದ್ದೇ ಇತ್ತು. ಪ್ರತಿ ಹಲಗೆಯ ಎರಡೂ ತುದಿಗೆ ಮೂರು ಮೂರು ಚುಕ್ಕೆ ಹೊಡೆದು, ಅವರು ಬರುವಷ್ಟರಲ್ಲಿ ಏನೂ ತಿಳಿಯದವನಂತೆ ಕೂತೆ. ನನ್ನ ಜಾಣತನಕ್ಕೆ ನನಗೇ ಹೆಮ್ಮೆ ಎನಿಸಿತು. ಅವರು ಕೊಟ್ಟ ನೀರು ಕುಡಿದು ಬಸ್ಸು ಹತ್ತಿದೆ.

ಕದ ಸಿದ್ಧವಾದ ದಿನ ಘಟ್ಟ ಇಳಿಯುವ ಲಾರಿಯೊಂದನ್ನು ಗೊತ್ತು ಮಾಡಿಕೊಂಡು ಹೋದೆ. ಮಳೆಗಾಲ ಹತ್ತಿರವಿತ್ತು. ಕದಗಳೆರಡನ್ನೂ ಅಂಗಳದಲ್ಲಿ ಒರಗಿಸಿಟ್ಟಿದ್ದರು. ನೋಡಲು ಲಕ್ಷಣವಾಗಿದ್ದವು, ಅದೇ ನನಗೆ ಇನ್ನಷ್ಟು ಅನುಮಾನ ತಂದಿತು. ಬಗ್ಗಿ ಮೇಲಿನ ಅಂಚು, ಕೆಳಗಿನ ಅಂಚು ಎಲ್ಲ ಬೆರಳಾಡಿಸಿ ನೋಡಿದೆ. ಒಂದೇ ಒಂದು ಚುಕ್ಕೆ ಇರಲಿಲ್ಲ.

ಹಲಗೆ ಬದಲಾಗಿದೆ ಎಂದೆ. ಮೆಲ್ಲಗೆ ಹೇಳಲಿಲ್ಲ. ಲಾರಿಯ ಡ್ರೈವರು, ಹಮಾಲಿಗಳು, ಪಕ್ಕದ ಶೆಡ್ಡಿನವರು ಎಲ್ಲ ಕೆಲಸ ನಿಲ್ಲಿಸಿ ನೋಡಿದರು. ನಾನು ಆರಿಸಿಕೊಟ್ಟ ಮರ ಇದಲ್ಲ, ನನಗೆ ಗೊತ್ತು, ಹೇಗೆ ಗೊತ್ತು ಅಂತ ಮಾತ್ರ ಕೇಳಬೇಡಿ ಎಂದು ಕೂಗಾಡಿದೆ. ಆಚಾರ್ರ ಮುಖ ಬಿಳುಪೇರಿತು. ಕಳ್ಳ ಸಿಕ್ಕಿಬಿದ್ದ ಎಂದು ನಾನು ಅಂದುಕೊಂಡೆ. ಅವರು ಕದದ ಪಕ್ಕದಲ್ಲಿದ್ದ ಗೋಣಿಚೀಲದ ಕಡೆ ಕೈ ತೋರಿಸಿದರು.

"ಬ್ಯಾಡ ಅಂದ್ರೆ ಇಲ್ಲೇ ಬಿಟ್ಟು ಹೋಗಿ ಸ್ವಾಮಿ. ತಗೊಂಡು ಹೋಗೋದಾದ್ರೆ ಆ ಗೋಣಿಚೀಲಾನೂ ಜೊತೆಗೆ ಹೋಗ್ಲಿ, ನಿಮ್ಮಕ್ಕನವರಿಗೆ ಬೇಕಾಗುತ್ತೆ" ಎಂದಷ್ಟೇ ಹೇಳಿದರು.

ಡ್ರೈವರು ಅವಸರ ಮಾಡುತ್ತಿದ್ದ, ಮಳೆ ತಲೆಯ ಮೇಲಿತ್ತು, ಬೇರೆ ದಾರಿ ಇರಲಿಲ್ಲ. ಬಾಯಿ ಹೊಲಿದ ಆ ಚೀಲದೊಳಗೆ ಏನಿದೆಯೆಂದು ಕೋಪದಲ್ಲಿ ನೋಡಲೂ ಇಲ್ಲ. ಅಷ್ಟು ವರ್ಷಗಳಲ್ಲಿ ನಾನು ಬಿಚ್ಚಿ ನೋಡದೆ ಕಳಿಸಿದ ಚೀಲ ಅದೊಂದೇ ಇರಬೇಕು.

ಮರುದಿನವೇ ಮೇಲಧಿಕಾರಿಗೆ ಹೇಳಿದೆ. ಅವರು ಇನ್ನೊಬ್ಬರನ್ನು ಗೊತ್ತು ಮಾಡಿದರು. ಮೇಲಧಿಕಾರಿಯ ಬಾಯಿಂದಲೂ ನನ್ನ ಬಾಯಿಂದಲೂ ಸುದ್ದಿ ಕ್ವಾರ್ಟರ್ಸಿನ ಸಾಲು ಸಾಲಿಗೂ ಹೋಯಿತು. ಅಕ್ಕನಿಗೂ ಬರೆದೆ. ಕದ ಚೆನ್ನಾಗಿದೆ, ಮಳೆಗೆ ಒಂದಿಷ್ಟೂ ಬಿಗಿಯಲಿಲ್ಲ ಎಂದು ಅವಳು ಉತ್ತರ ಬರೆದಳು. ತಮ್ಮನಿಗೆ ನೋವಾಗಬಾರದೆಂದು ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ.

ಮುಂದಿನ ಬೇಸಿಗೆಯಲ್ಲಿ ಅಲ್ಲಿಗೆ ಹೋದೆ. ಭಾವ ಕಾರು ತೆಗೆದುಕೊಂಡು ಹೊರಗೆ ಹೋಗಿದ್ದರು, ಕದಗಳೆರಡೂ ತೆರೆದೇ ಇದ್ದವು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಆ ಗಾಳಿಗೂ ಕದ ಅಲುಗಾಡುತ್ತಿರಲಿಲ್ಲವಲ್ಲ ಎಂದು ಬಗ್ಗಿ ನೋಡಿದೆ. ಒಂದೊಂದು ಕದದ ಅಡಿಗೂ ಒಂದೊಂದು ಮರದ ಬೆಣೆ ಸಿಕ್ಕಿಸಿತ್ತು. ಎಳೆದು ತೆಗೆದೆ. ದಪ್ಪ ಇದ್ದ ಕಡೆ ಮೂರು ಚುಕ್ಕೆ. ನನ್ನ ಕೈಯ ಮೂರು ಚುಕ್ಕೆ.

ಅಕ್ಕ ಹಿಂದೆಯೇ ಬಂದು ನಿಂತಿದ್ದಳು. "ಅದೇ ಕಣೋ, ಆಚಾರ್ರು ಒಂದ್ ಚೀಲ ತುಂಬ ಕಳಿಸಿದ್ರಲ್ಲ. ಈ ಗಾಳಿಗೆ ಬೆಣೆ ಇಲ್ದೆ ಕದ ನಿಲ್ಲಲ್ಲ ಮಾರಾಯ. ಎಷ್ಟು ಯೋಚನೆ ಮಾಡಿದ್ದಾರೆ ನೋಡು."

ಚೀಲ ತರಿಸಿ ನೆಲಕ್ಕೆ ಸುರಿದೆ. ಕದದಡಿಯ ಎರಡೂ ಸೇರಿ ಇಪ್ಪತ್ತು ಬೆಣೆ. ಹತ್ತು ಹಲಗೆ, ಎರಡೆರಡು ತುದಿ. ಒಂದೂ ಕಡಿಮೆ ಇರಲಿಲ್ಲ, ಎಲ್ಲದರ ಮೇಲೂ ಚುಕ್ಕೆ ಇತ್ತು. ಮರದ ತುದಿ ಒಣಗುವಾಗ ಸೀಳುತ್ತದೆ, ಅದಕ್ಕೇ ಎರಡೂ ಕಡೆ ಕೊಯ್ದು ಬಿಡುತ್ತಾರೆ, ಒಂದು ಗೇಣು ಹೆಚ್ಚು ಕೇಳಿದ್ದು ಅದಕ್ಕೆ ಎಂದು ಭಾವ ಬಂದ ಮೇಲೆ ಹೇಳಿದರು. ಕಬ್ಬಿಣದ ತುದಿಯನ್ನು ಯಾರೂ ಕೊಯ್ದು ಬಿಡುವುದಿಲ್ಲ. ಅಷ್ಟು ವರ್ಷ ಕಬ್ಬಿಣಕ್ಕೆ ಹಾಕಿದ ಕಡೆಯೇ ಮರಕ್ಕೂ ಗುರುತು ಹಾಕಿ ಒಬ್ಬರ ಹೆಸರು ಕೆಡಿಸಿದ್ದೆ.

ಊರಿಗೆ ಬಂದವನು ಮೊದಲು ನ್ಯೂ ಟೌನಿನಲ್ಲಿ ಹೇಳಿದ್ದವರಿಗೆಲ್ಲ ತಪ್ಪು ನನ್ನದೇ ಎಂದು ಹೇಳಿದೆ. ಅನುಮಾನ ಹೇಳಿದಾಗ ಕುರ್ಚಿ ಎಳೆದುಕೊಂಡು ಕೇಳಿದ್ದವರು ಈಗ ಹೌದಾ ಎಂದು ಗಡಿಯಾರ ನೋಡಿದರು. ಮೇಲಧಿಕಾರಿಯ ಮನೆಗೆ ಬಾಗಿಲು ಕಿಟಕಿ ಎಲ್ಲ ಕೂತಾಗಿತ್ತು.

ಒಂದು ಬೆಣೆ ಕಿಸೆಯಲ್ಲಿಟ್ಟುಕೊಂಡು ಶಿವಮೊಗ್ಗೆಗೆ ಹೋದೆ. ಆಚಾರ್ರು ಹಳೆಯ ಮಂಚದ ಕಾಲು ಸರಿ ಮಾಡುತ್ತಿದ್ದರು. ಶೆಡ್ಡಿನಲ್ಲಿ ಬೇರೆ ಕೆಲಸ ಕಾಣಲಿಲ್ಲ. ಬೆಣೆ ಮುಂದಿಟ್ಟು, ನನ್ನಿಂದ ತಪ್ಪಾಯಿತು ಎಂದೆ. ಅವರು ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟರು. ಇದನ್ನು ಆವತ್ತೇ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ.

"ತುದಿ ಕೊಯ್ಯೋ ದಿನಾನೇ ನೋಡಿದ್ದೆ ಸ್ವಾಮಿ. ನಾನು ನೀರು ತರೋಕೆ ಹೋದಾಗ ಹಾಕಿದ್ದು ಅಂತಾನೂ ಗೊತ್ತಾಯ್ತು. ಒಂದ್ ಮಾತು ಹೇಳಿದ್ದಿದ್ರೆ ಎಲ್ಲಿ ಹಾಕ್ಬೇಕು ಅಂತ ನಾನೇ ತೋರಿಸ್ತಿದ್ದೆ."

ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಮ್ಮ ಮನೆಗೊಂದು ಬೀರು ಮಾಡಿಕೊಡಿ ಎಂದು ಕೇಳಿದೆ. ಅವರು ಮಂಚದ ಕಾಲನ್ನು ಪಕ್ಕಕ್ಕಿಟ್ಟು, ಎದ್ದು ಒಳಗಿನಿಂದ ನಾಲ್ಕು ಹಲಗೆ ತಂದು ನನ್ನ ಮುಂದೆ ಹಾಸಿದರು. ನಾನು ಬಗ್ಗಿ ನೋಡತೊಡಗಿದೆ. ಮರ ಚೆನ್ನಾಗಿತ್ತು.

"ನಡುಮಧ್ಯಕ್ಕೆ ಹಾಕಿ ಸ್ವಾಮಿ, ಅಲ್ಲಿ ಕೊಯ್ಯಲ್ಲ" ಎಂದರು.

ಅವರ ದನಿಯಲ್ಲಿ ಕುಹಕವಿರಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ನನ್ನ ಕೈ ಕಿಸೆಯೊಳಗೆ ಪಂಚನ್ನು ಹಿಡಿದುಕೊಂಡಿತ್ತು.